ಸಿದ್ಧಾಂತ ಬೇಡವೆನ್ನುವವರ ಸಿದ್ಧಾಂತ

ರಾಜಕಾರಣದಲ್ಲಿ ಸಿದ್ಧಾಂತ ಭಾಷಣಕ್ಕೆ, ಕೆಲಸಕ್ಕೆ ವ್ಯವಹಾರಜ್ಞಾನ ಎನ್ನುವ ಮಿತ್ರರು ಮಾಜಿ ಮುಖ್ಯಮಂತ್ರಿ ದೇವರಾಜ ಅರಸರನ್ನು ಸಾಕ್ಷಿಗೆ ಕರೆದಿದ್ದಾರೆ. ಸಾಕ್ಷಿ ಯಾರ ಪರ ನುಡಿಯುತ್ತದೆಂದು ಓದುಗರೇ ತೀರ್ಮಾನಿಸಲಿ.

ಅವರ ಮೊದಲ ವಾದ: ಅರಸರು ಗ್ರಂಥ ಓದಿ ಭೂಸುಧಾರಣೆ ಮಾಡಲಿಲ್ಲ, ಜನರ ನಾಡಿ ಹಿಡಿದರು. ಒಪ್ಪೋಣ. ಆ ನಾಡಿ ಹಾಗೆ ಮಿಡಿಯುವಂತೆ ಮಾಡಿದವರು ಯಾರು? ಶಿವಮೊಗ್ಗ ಜಿಲ್ಲೆಯ ಕಾಗೋಡಿನ ಗೇಣಿದಾರರ ತಕರಾರು ಎದ್ದದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ವ್ಯವಹಾರಜ್ಞಾನವೊಂದೇ ಇದ್ದಿದ್ದರೆ ಕೊಳಗ ತಿದ್ದಿ ಎಲ್ಲರೂ ಮನೆಗೆ ಹೋಗಬಹುದಿತ್ತು. 1951ರಲ್ಲಿ ಆ ತಕರಾರನ್ನು ಉಳುವವನ ಹಕ್ಕಿನ ಪ್ರಶ್ನೆಯಾಗಿ ಬೆಳೆಸಿದ್ದು ಲೋಹಿಯಾ, ಶಾಂತವೇರಿ ಗೋಪಾಲಗೌಡರ ಸಮಾಜವಾದ.

ಎರಡನೆಯದು: ಅದೆಲ್ಲ ಬರೀ ವೋಟಿನ ಲೆಕ್ಕ. ಒಂದು ಉಸಿರಿನಲ್ಲಿ ಅರಸರ ಜಾಣ್ಮೆಗೆ ಜೈಕಾರ, ಮರು ಉಸಿರಿನಲ್ಲಿ ಅದೇ ಜಾಣ್ಮೆಯ ಮೇಲೆ ಗುಮಾನಿ! ಇರಲಿ, ಲೆಕ್ಕವೆಂದೇ ಇಟ್ಟುಕೊಳ್ಳೋಣ. ಪ್ರಬಲ ಜಾತಿಗಳ ಯಜಮಾನರ ಮೂಲಕವೇ ವೋಟು ಎಣಿಸುತ್ತಿದ್ದ ನಾಡಿನಲ್ಲಿ, ಗೇಣಿದಾರರನ್ನೂ ಹಿಂದುಳಿದವರನ್ನೂ ಸ್ವತಂತ್ರ ಶಕ್ತಿಯಾಗಿ ಎಣಿಸಬಹುದೆಂದು ಕಾಣುವುದಕ್ಕೆ ಸಮಾಜದ ಬಗ್ಗೆ ಒಂದು ತಿಳಿವಳಿಕೆ ಬೇಕು. ಅದನ್ನೇ ನಾವು ಸಿದ್ಧಾಂತ ಎನ್ನುತ್ತಿರುವುದು.

ಮೂರನೆಯದು ತುಸು ಗಟ್ಟಿ ವಾದ: 1961ರ ಭೂಸುಧಾರಣಾ ಕಾಯ್ದೆಯಲ್ಲೂ ಸಿದ್ಧಾಂತವಿತ್ತು, ಫಲ ಸಿಗಲಿಲ್ಲ. ನಿಜ. ಸ್ವಂತ ಸಾಗುವಳಿಯ ನೆಪದಲ್ಲಿ ಭೂಮಾಲೀಕ ಜಮೀನು ಮರಳಿ ಪಡೆಯಲು ಅದರಲ್ಲಿ ದಾರಿಯಿತ್ತು. ಅರಸರ ಸರ್ಕಾರದ 1974ರ ತಿದ್ದುಪಡಿ ಆ ದಾರಿ ಮುಚ್ಚಿತು. ಗೇಣಿ ಜಮೀನನ್ನು ಸರ್ಕಾರಕ್ಕೆ ಸೇರಿಸಿ, ಹಕ್ಕಿನ ತೀರ್ಮಾನವನ್ನು ಭೂನ್ಯಾಯಮಂಡಳಿಗೆ ಒಪ್ಪಿಸಿತು. ಅಲ್ಲಿಗೆ ವಕೀಲರು ಬರದಂತೆಯೂ ನೋಡಿಕೊಂಡಿತು. ಯಾವ ಕಿಂಡಿ ಮುಚ್ಚಬೇಕೆಂದು ಕಂಡದ್ದು ರಾಜಕೀಯ ವಿವೇಕ. ಆದರೆ ಅದು ಮುಚ್ಚಬೇಕಾದ ಕಿಂಡಿ, ಉಳಿಸಬೇಕಾದ ಸೌಕರ್ಯವಲ್ಲ ಎಂದು ಹೇಳಿಕೊಟ್ಟದ್ದು ಸಿದ್ಧಾಂತ. ವಿವೇಕವಿಲ್ಲದ ಸಿದ್ಧಾಂತ ಸೋತದ್ದನ್ನು ತೋರಿಸಿದರೆ, ಸಿದ್ಧಾಂತವಿಲ್ಲದ ವಿವೇಕ ಗೆದ್ದಂತಾಗುವುದಿಲ್ಲ.

ಕೊನೆಯ ಅಸ್ತ್ರ: ಇಷ್ಟಾದರೂ ಭೂಮಿ ಗೇಣಿದಾರರಿಗೆ ಸಿಕ್ಕಿತೇ ಹೊರತು, ಗೇಣಿಯೂ ಇಲ್ಲದ ಕೂಲಿಕಾರರಿಗೆ, ಅವರಲ್ಲೂ ದಲಿತರಿಗೆ ದಕ್ಕಿದ್ದು ಕಡಿಮೆ. ಈ ಮಾತಿಗೆ ನಮ್ಮದೂ ಸಹಮತವಿದೆ. ಆದರೆ ವ್ಯವಹಾರದ ದೃಷ್ಟಿಯಿಂದ ಅದು ಕೊರತೆಯೇ ಅಲ್ಲ: ಕಾಯ್ದೆ ಜಾರಿಯಾಯಿತು, ಸರ್ಕಾರ ಉಳಿಯಿತು, ಕೆಲಸ ನಡೆಯಿತು. ಅದು ಕೊರತೆಯಾಗಿ ಕಾಣುವುದು ಸಮಾನತೆಯನ್ನು ಮಾನದಂಡವಾಗಿ ಹಿಡಿದವರಿಗೆ ಮಾತ್ರ. ಆಗ ನಮ್ಮ ಮಿತ್ರರು ಎರಡರಲ್ಲಿ ಒಂದನ್ನು ಕೈಬಿಡಬೇಕಾಗುತ್ತದೆ: ಈ ಆಕ್ಷೇಪವನ್ನು, ಇಲ್ಲವೇ ಸಿದ್ಧಾಂತ ಬೇಡವೆಂಬ ಹಟವನ್ನು.