ಫೋಟೊದಲ್ಲಿ ಕಾಣದ ಖರ್ಚೇ ಮೊದಲು | ಹಳೇ ಗಾಡಿ ಲೆಕ್ಕ, ಭಾಗ 7

ಮೊದಲನೇ ಫೋಟೊ ನೋಡಿ "ಇದೇನೇ, ಹರಿದ ರಬ್ಬರ್ ಪೈಪ್ ಹಾಕಿದೀಯ" ಅಂತ ಕೇಳ್ತೀರ, ಗೊತ್ತು. ಹೌದು, ಹರಿದ ಪೈಪೇ. ರೇಡಿಯೇಟರ್ ಹೋಸಿನ ತುದಿ. ನಾವು ನಾಲ್ಕು ಜನ ಕಾಲೇಜ್ ಎದುರು ಬಿರಿಯಾನಿ ತಿಂದರೆ ಎಷ್ಟಾಗುತ್ತೋ, ಹೊಸ ಹೋಸಿಗೆ ಅಷ್ಟೂ ಆಗಲ್ಲ. ಹೋದ ತಿಂಗಳು ಇದೇ ಪೈಪು ಅಮ್ಮನನ್ನೂ ನನ್ನನ್ನೂ ಚಾರ್ಮಾಡಿ ಘಾಟಿಯಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿತ್ತು.

ಕಥೆ ಹೇಳ್ತೀನಿ. ಅದಕ್ಕೂ ಮೊದಲು ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ, ಪೂರ್ತಿ ಓದೋಕೆ ಟೈಮ್ ಇಲ್ಲದವರು ಇಷ್ಟು ಓದ್ಕೊಂಡು ಹೋಗಿ: ಹಳೇ ಸ್ಪೋರ್ಟಿ ಕಾರಿಗೆ ದುಡ್ಡು ಹಾಕೋದಾದ್ರೆ ಫೋಟೊದಲ್ಲಿ ಕಾಣದ ಜಾಗಕ್ಕೆ ಮೊದಲು ಹಾಕಿ. ಕಾಣೋ ಜಾಗಕ್ಕೆ ಆಮೇಲೆ. ಫೋಟೊ ಹಾಕೋ ಆ್ಯಪಲ್ಲೇ ಕೂತ್ಕೊಂಡು ಇದನ್ನ ಹೇಳ್ತಿದೀನಿ ಅನ್ನೋದು ನನಗೂ ಗೊತ್ತು, ನಗಬೇಡಿ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ಎರಡನೇ ಫೋಟೊದಲ್ಲಿ ಇರೋದು ನಮ್ಮನೆ ಹೋಂಡಾ ಸಿಟಿ 1.5 ವಿಟೆಕ್. 1998ರಲ್ಲಿ ಭಾರತಕ್ಕೆ ಬಂತಲ್ಲ, ಆ ಮೊದಲ ತಲೆಮಾರಿನ ಸಿಟಿ. ನಮ್ಮದು 2002ರ ಮಾರ್ಚಲ್ಲಿ ರಿಜಿಸ್ಟರ್ ಆಗಿದ್ದು. ಅಪ್ಪ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಾಗ ನಾನು ಎಲ್‌ಕೆಜಿ. "ಇದು ಸ್ಪೋರ್ಟ್ಸ್ ಕಾರಾ? ನಾಲ್ಕು ಡೋರಿದೆ, ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ ಹಿಡಿಸುತ್ತೆ" ಅಂತ ನಮ್ ಕ್ಲಾಸಿನ ಹುಡುಗ್ರು ರೇಗಿಸ್ತಾರೆ. ಸರಿ, ನೋಡೋಕೆ ಬ್ಯಾಂಕ್ ಮ್ಯಾನೇಜರ್ ಕಾರೇ. ಆದರೆ ಒಂದು ಟನ್ ಆಸುಪಾಸಿನ ತೂಕಕ್ಕೆ 106 ಪಿಎಸ್ ಎಂಜಿನ್. ನಮ್ಮ ದೇಶದಲ್ಲಿ ಮಧ್ಯಮ ವರ್ಗದ ಮನೆಯವರು ಕನಸು ಕಾಣಬಹುದಾಗಿದ್ದ ಸ್ಪೋರ್ಟ್ಸ್ ಕಾರು ಆಗ ಹೀಗೇ ಇರ್ತಿತ್ತು. ಹಿಂದಿನ ಸೀಟಲ್ಲಿ ಅಜ್ಜಿ, ಮುಂದೆ ವಿಟೆಕ್.

ಈ ವಿಟೆಕ್ ಅಂದ್ರೆ ಏನು ಅಂತ ಅರ್ಥ ಆದ್ರೆ ನನ್ನ ವಾದ ಅರ್ಧ ಅರ್ಥ ಆದಂಗೆ. ಹೋಂಡಾದವರು ಇದನ್ನ ಮೊದಲು ಕಾರಿಗೆ ಹಾಕಿದ್ದು 1989ರಲ್ಲಿ, ಜಪಾನಿನ ಇಂಟೆಗ್ರಾದಲ್ಲಿ. ಎಂಜಿನ್ನಿನ ವಾಲ್ವ್‌ಗಳನ್ನ ತೆರೆಯೋದು ಕ್ಯಾಮ್ ಶಾಫ್ಟ್ ಮೇಲಿನ ಉಬ್ಬುಗಳು. ನಿಧಾನಕ್ಕೆ ಹೋಗ್ತಿರುವಾಗ ಗಾಳಿ ಒಳಗೆ ಬಿಡೋ ವಾಲ್ವ್‌ಗಳು ಚಿಕ್ಕ ಉಬ್ಬಿನ ಲೆಕ್ಕಕ್ಕೆ ಓಡ್ತವೆ. ಸುಮಾರು 5,000 ಆರ್‌ಪಿಎಂ ದಾಟಿದಾಗ ಎಂಜಿನ್ ಆಯಿಲ್‌ನ ಒತ್ತಡ ಒಂದು ಪುಟ್ಟ ಪಿನ್ನನ್ನ ತಳ್ಳುತ್ತೆ. ಬಿಡಿಬಿಡಿಯಾಗಿದ್ದ ರಾಕರ್ ಆರ್ಮ್‌ಗಳು ಲಾಕ್ ಆಗಿ ದೊಡ್ಡ ಉಬ್ಬಿನ ಲೆಕ್ಕಕ್ಕೆ ಹೋಗ್ತವೆ. ವಾಲ್ವ್ ಜಾಸ್ತಿ ತೆರೆಯುತ್ತೆ, ಜಾಸ್ತಿ ಹೊತ್ತು ತೆರೆದಿರುತ್ತೆ. ಎಂಜಿನ್ ದನಿ ಬದಲಾಗುತ್ತೆ. ಅದೇ ಆ ಮಜಾ.

ಈಗ ಒಂದು ಮಾತು ಗಮನಿಸಿ. ಆ ಪಿನ್ ತಳ್ಳೋದು ಯಾವುದು? ಆಯಿಲ್. ಆಯಿಲ್ ಕಮ್ಮಿ ಇದ್ರೆ, ಕೊಳಕಾಗಿದ್ರೆ, ದಾರಿಯಲ್ಲಿರೋ ಸಣ್ಣ ಜಾಲರಿ ಕಟ್ಕೊಂಡಿದ್ರೆ ವಿಟೆಕ್ ಸರಿಯಾಗಿ ಕೆಲಸ ಮಾಡಲ್ಲ. ಹಿಂದೆ ಕೆಂಪಕ್ಷರದ ಬ್ಯಾಡ್ಜ್ ಇರುತ್ತೆ, ಒಳಗೆ ಮಾಮೂಲಿ ಕಾರು. ಅಂದ್ರೆ ಈ ಕಾರಲ್ಲಿ ನೋಡ್ಕೊಳ್ಳೋದು ಬೇರೆ, ಮಜಾ ತಗೊಳ್ಳೋದು ಬೇರೆ ಅಂತ ಇಲ್ಲ. ಡಿಪ್‌ಸ್ಟಿಕ್ ತುದಿಯಲ್ಲಿ ಎರಡು ಗುರುತಿನ ಮಧ್ಯೆ ಇರೋ ಆ ಆಯಿಲೇ ಸ್ಪೋರ್ಟ್ಸ್ ಕಾರು.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಏನ್ ಮಾಡಿದೆ ಕೇಳಿ.

ಹತ್ತನೇ ಕ್ಲಾಸ್ ಮಕ್ಕಳಿಗೆ ಟ್ಯೂಷನ್ ಮಾಡಿ ಕೂಡಿಟ್ಟಿದ್ದ ದುಡ್ಡು 12,000 ಇತ್ತು. ಸರ್ವೀಸಿಗೆ ಬಿಟ್ಟಾಗ ಗ್ಯಾರೇಜ್ ಅಣ್ಣ ಹೋಸನ್ನ ಬೆರಳಲ್ಲಿ ಅದುಮಿ ನೋಡಿ, "ಪುಟ್ಟಿ, ರಬ್ಬರ್ ಎಲ್ಲ ಕಲ್ಲಾಗಿದೆ, ಈ ಸಲ ಬದಲಾಯಿಸ್ಬಿಡಣ" ಅಂದ್ರು. ನಾನು "ಮುಂದಿನ ಸಲ ಅಣ್ಣ" ಅಂದೆ. ಯಾಕಂದ್ರೆ ಆ ದುಡ್ಡಿಗೆ ಬೇರೆ ಕಡೆ ಒಂದು ದಪ್ಪ ಬಾಯಿಯ ಸೈಲೆನ್ಸರ್ ನೋಡಿಟ್ಟಿದ್ದೆ. ಹಾಕಿಸ್ದೆ. ರೀಲ್ ಮಾಡ್ದೆ. ನಿಮ್ಮಲ್ಲಿ ಎಷ್ಟೋ ಜನ ಬೆಂಕಿ ಅಂತ ಕಮೆಂಟ್ ಹಾಕಿದ್ರಿ. ನನ್ನ ಪೇಜಲ್ಲಿ ಅತಿ ಹೆಚ್ಚು ಜನ ನೋಡಿದ ರೀಲ್ ಅದೇ. ಆ ರೀಲ್ ಓಡ್ತಿದ್ದಾಗಲೇ ಬಾನೆಟ್ ಒಳಗೆ ಹೋಸ್ ಬಿರುಕು ಬಿಡ್ತಾ ಇತ್ತು.

ಅಮ್ಮನನ್ನ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿದ್ದೆ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಘಾಟಿ ಇಳಿಯೋದು. ಹೋಗುವಾಗ ಏನೂ ಆಗ್ಲಿಲ್ಲ. ವಾಪಸ್ ಬರುವಾಗ ಏರು. ಎಸಿ ಆನು, ಮುಂದೆ ಲಾರಿ, ಎರಡನೇ ಗೇರು. ಒಂದು ತಿರುವಲ್ಲಿ ಸಿಹಿಸಿಹಿ ವಾಸನೆ ಬಂತು. ಅಮ್ಮ "ಯಾರೋ ಬೆಲ್ಲ ಕಾಯಿಸ್ತಿದಾರಾ" ಅಂದ್ರು. ಬೆಲ್ಲ ಅಲ್ಲ, ಕೂಲಂಟ್. ಮುಳ್ಳು ನೋಡಿದ್ರೆ ಮುಕ್ಕಾಲು ದಾಟಿತ್ತು.

ಎಸಿ ಆಫ್ ಮಾಡಿ, ಜಾಗ ಅಗಲ ಇದ್ದ ಕಡೆ ನಿಲ್ಲಿಸಿ ಎಂಜಿನ್ ಆಫ್ ಮಾಡ್ದೆ. ಅಷ್ಟು ಸರಿ ಮಾಡ್ದೆ. ಆಮೇಲೆ ಗಾಬರಿಯಲ್ಲಿ ನೀರಿನ ಬಾಟಲಿ ಹಿಡ್ಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕ್ದೆ. ಹಿಂದೆ ಬಂದು ನಿಂತ ಜೀಪಿನ ಡ್ರೈವರ್ ಒಬ್ರು "ಏಯ್, ಮುಟ್ಬೇಡಮ್ಮ!" ಅಂತ ಕೂಗಿದ್ರು. ಬಿಸಿ ಇರುವಾಗ ಆ ಮುಚ್ಚಳ ತೆಗೆದ್ರೆ ಒಳಗಿನ ಒತ್ತಡಕ್ಕೆ ಕುದಿಯೋ ನೀರು ಮುಖಕ್ಕೇ ಹಾರುತ್ತೆ. ಅವರು ಕೂಗದೇ ಇದ್ದಿದ್ರೆ ಈ ಭಾಗ 7 ಇರ್ತಿರಲಿಲ್ಲ, ಇದ್ರೂ ಬೇರೆ ಥರ ಇರ್ತಿತ್ತು.

ಎಂಜಿನ್ ಆರೋವರೆಗೂ ಕಾದ್ವಿ. ಮಂಜು, ಕೋತಿಗಳು, ಫೋನಿಗೆ ನೆಟ್‌ವರ್ಕ್ ಇಲ್ಲ. ಅಮ್ಮ ಒಂದೇ ಮಾತು ಕೇಳಿದ್ರು: "ಊರಿಗೆಲ್ಲ ಕೇಳೋ ಹಾಗೆ ಕಿರುಚ್ತಿತ್ತಲ್ಲ, ಈಗ ಯಾಕೆ ಬಾಯಿ ಮುಚ್ಕೊಂಡಿದೆ?" ನನ್ನ ಹತ್ರ ಉತ್ತರ ಇರಲಿಲ್ಲ.

ಹೋಸ್ ತುದಿಯಲ್ಲಿ ಮಾತ್ರ ಸೀಳಿತ್ತು. ಜೀಪಿನ ಅಣ್ಣ ಸೀಳಿದ ತುಂಡನ್ನ ಚಾಕುವಲ್ಲಿ ಕತ್ತರಿಸಿ, ಮಿಕ್ಕಿದ್ದನ್ನ ಎಳೆದು ಕ್ಲಾಂಪ್ ಬಿಗಿ ಮಾಡಿ, ನೀರು ತುಂಬಿಸಿಕೊಟ್ರು. ದುಡ್ಡು ಕೊಟ್ರೆ ತಗೊಳ್ಳಲಿಲ್ಲ. ಮೊದಲನೇ ಫೋಟೊದಲ್ಲಿರೋದು ಅದೇ ತುಂಡು. ನನ್ನ ಟೇಬಲ್ ಮೇಲೆ ಇಟ್ಕೊಂಡಿದೀನಿ.

ಮನೆಗೆ ಬಂದ್ಮೇಲೆ ಅಪ್ಪ ಬೈಯಲಿಲ್ಲ. "ಮುಳ್ಳು ಎಲ್ಲಿವರೆಗೆ ಹೋಗಿತ್ತು?" ಅಂತ ಮಾತ್ರ ಕೇಳಿದ್ರು. ಹೆಡ್ ಗ್ಯಾಸ್ಕೆಟ್ ಹೋಗಿದ್ರೆ ಎಂಜಿನ್ ಬಿಚ್ಚಬೇಕಾಗಿತ್ತು. ಅಮ್ಮ ಮಾತ್ರ "ಗುಜರಿಗೆ ಹಾಕಿ, ಇನ್ನೊಂದು ಸಲ ನಾನು ಇದರಲ್ಲಿ ಕೂರಲ್ಲ" ಅಂದ್ರು.

ಇಲ್ಲಿಂದ ಬಿಕಾಂ ಶುರು. ಅಕೌಂಟೆನ್ಸಿ ಬೋರು ಅನ್ನೋರು ಸ್ವಲ್ಪ ತಡ್ಕೊಳ್ಳಿ.

ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಬಾಡಿಗೆಗೆ ಓಡಿಸದ ಕಾರಿಗೆ ವರ್ಷಕ್ಕೆ ಶೇ. 15 ಡೆಪ್ರಿಸಿಯೇಷನ್, ರಿಟನ್ ಡೌನ್ ವ್ಯಾಲ್ಯೂ ಪದ್ಧತಿ. 100 ರೂಪಾಯಿ ಕಾರು 15 ವರ್ಷಕ್ಕೆ ಸುಮಾರು 9 ರೂಪಾಯಿ. 24 ವರ್ಷಕ್ಕೆ ಸುಮಾರು 2 ರೂಪಾಯಿ. ಪುಸ್ತಕದ ಪ್ರಕಾರ ನಮ್ಮ ಕಾರಿನ ಬೆಲೆ ಅಷ್ಟೇ. ಆದರೆ ಈ ಪದ್ಧತಿಯಲ್ಲಿ ಬೆಲೆ ಎಷ್ಟೇ ಇಳಿದ್ರೂ ಸೊನ್ನೆ ಅನ್ನೋದು ಮಾತ್ರ ಬರೋದೇ ಇಲ್ಲ. ಮೊದಲ ಸೆಮ್ಮಲ್ಲಿ ಇದನ್ನ ಬಾಯಿಪಾಠ ಮಾಡಿದ್ದೆ, ಘಾಟಿಯಲ್ಲಿ ನಿಂತಾಗ ಅರ್ಥ ಆಯ್ತು. ಉಳಿದಿರೋ ಆ 2 ರೂಪಾಯಿ ಪೇಂಟಲ್ಲಿ ಇಲ್ಲ, ಅಲಾಯ್ ವೀಲಲ್ಲಿ ಇಲ್ಲ. ಹೋಸು, ಬೆಲ್ಟು, ಬ್ರೇಕಲ್ಲಿ ಇದೆ.

ನಾವು ಸೈಲೆನ್ಸರ್, ಸ್ಟಿಕ್ಕರ್, ಅಲಾಯ್ ಅನ್ನ ಆಸ್ತಿ ಅಂದ್ಕೊಳ್ತೀವಿ, ಆಯಿಲ್, ಹೋಸ್ ಅನ್ನ ಖರ್ಚು ಅಂದ್ಕೊಳ್ತೀವಿ. ಹಳೇ ಕಾರಲ್ಲಿ ಇದು ಉಲ್ಟಾ. ಜೊತೆಗೆ ಇನ್ನೊಂದು: ಗಾಡಿಯನ್ನ ಕಂಪನಿ ಕೊಟ್ಟ ರೂಪದಿಂದ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪಲ್ಲ. ಆ ಸೈಲೆನ್ಸರ್ ತೆಗೆಸಿ ಹಳೇದನ್ನೇ ಹಾಕಿಸಿದೀನಿ. ಆಮೇಲೆ ತಿಳೀತು, ವಿಟೆಕ್‌ನ ನಿಜವಾದ ದನಿ ಇದರಲ್ಲೇ ಚೆನ್ನಾಗಿ ಕೇಳುತ್ತೆ. ಆ ಡ್ರಮ್ಮಿನ ಸದ್ದಲ್ಲಿ ಅದು ಮುಚ್ಚಿಹೋಗಿತ್ತು.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಮಾಡೋ ಕೆಲಸ ಇದು. ಸೇವ್ ಮಾಡ್ಕೊಳ್ಳಿ, ಯಾವ ಹಳೇ ಕಾರಿಗಾದ್ರೂ ಆಗುತ್ತೆ:

1. ಎಂಜಿನ್ ತಣ್ಣಗಿರುವಾಗ ಆಯಿಲ್ ಮಟ್ಟ, ಕೂಲಂಟ್ ಮಟ್ಟ. ಇಳಿದಿದ್ರೆ ತುಂಬಿಸಿ ಸುಮ್ನಾಗಬೇಡಿ, ಎಲ್ಲಿ ಹೋಯ್ತು ಅಂತ ಹುಡುಕಿ.

2. ಹೋಸ್‌ಗಳನ್ನ ಅದುಮಿ ನೋಡೋದು. ಮೆತ್ತಗಿರಬೇಕು. ಕಲ್ಲಾಗಿದ್ರೂ ತಪ್ಪು, ಉಬ್ಬಿದ್ರೂ ತಪ್ಪು. ಪೆಟ್ರೋಲ್ ಪೈಪೂ ಸೇರಿಸಿ. ಈಗ ಬಂಕಲ್ಲಿ ಸಿಗೋದು ಹೆಚ್ಚಾಗಿ ಇ20, ಅಂದ್ರೆ ಶೇ. 20 ಎಥನಾಲ್. 2002ರ ಕಾರಿನ ರಬ್ಬರನ್ನ ಅದಕ್ಕೋಸ್ಕರ ಮಾಡಿದ್ದಲ್ಲ.

3. ಟೈರ್ ಗಾಳಿ, ಸ್ಟೆಪ್ನಿ ಸಮೇತ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ 2019ರ 23ನೇ ವಾರ ತಯಾರಾಗಿದ್ದು ಅಂತ. ಗೀರು ಉಳಿದಿದ್ರೂ ರಬ್ಬರಿಗೆ ವಯಸ್ಸಾಗುತ್ತೆ.

4. ಬ್ರೇಕ್ ಆಯಿಲ್ ಮಟ್ಟ. ಅದು ಗಾಳಿಯಲ್ಲಿರೋ ತೇವ ಹೀರುತ್ತೆ, ಅದಕ್ಕೆ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ಘಾಟಿ ಇಳಿಯೋರಿಗಂತೂ ಇದು ಪ್ರಾಣದ ಪ್ರಶ್ನೆ.

5. ಹಿಂದಿನ ರಾತ್ರಿ ನಿಲ್ಲಿಸಿದ್ದ ಜಾಗದಲ್ಲಿ ನೆಲ ನೋಡೋದು. ಹನಿ ಬಿದ್ದಿದ್ರೆ ಕಾರು ಏನೋ ಹೇಳ್ತಿದೆ ಅಂತ.

ಟೈಮಿಂಗ್ ಬೆಲ್ಟ್ ಮಾತ್ರ ಹೊರಗಿಂದ ನೋಡಿದ್ರೆ ತಿಳಿಯಲ್ಲ. ಯಾವತ್ತು ಬದಲಾಯಿಸಿದ್ದು ಅಂತ ಬರೆದಿಡಬೇಕು. ಈ ಎಂಜಿನ್ನಲ್ಲಿ ಅದು ಕಿತ್ತೋದ್ರೆ ಪಿಸ್ಟನ್ನು ವಾಲ್ವಿಗೆ ಹೊಡೆಯುತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡು ಹಿಂದಿನ ದಾಖಲೆ ಇಲ್ಲ ಅಂದ್ರೆ ಮೊದಲು ಅದನ್ನ ಬದಲಾಯಿಸಿ, ಸ್ಟೀರಿಯೋ ಆಮೇಲೆ.

ಇಷ್ಟೆಲ್ಲ ಮಾಡಿದ್ಮೇಲೆ ಓಡಿಸ್ತೀನಿ. ಇದು ಬಹಳ ಮುಖ್ಯ. ಕವರ್ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದ್ರೆ ಬ್ಯಾಟರಿ ಸಾಯುತ್ತೆ, ಬ್ರೇಕ್ ಹಿಡ್ಕೊಳ್ಳುತ್ತೆ, ಟ್ಯಾಂಕಲ್ಲಿ ಪೆಟ್ರೋಲ್ ಹಳಸುತ್ತೆ. ಬೇಲೂರು ರೋಡಲ್ಲಿ ಬೆಳಿಗ್ಗೆ ಆರೂವರೆಗೆ ಹೊರಡ್ತೀನಿ. ಮುಳ್ಳು ಅದರ ಮಾಮೂಲಿ ಜಾಗಕ್ಕೆ ಬರೋವರೆಗೂ 3,000 ದಾಟಿಸಲ್ಲ. ಆಮೇಲೆ ರೋಡ್ ಖಾಲಿ ಇದ್ದ ಕಡೆ, ಎರಡನೇ ಗೇರಲ್ಲಿ ಒಂದೇ ಒಂದು ಸಲ ಆ 5,000ದ ದನಿ. ಅದಕ್ಕೆ ನೂರರ ಮೇಲೆ ಹೋಗಬೇಕಿಲ್ಲ, ಯಾರನ್ನೂ ಅಟ್ಟಿಸ್ಕೊಂಡು ಹೋಗಬೇಕಿಲ್ಲ. ಒಂದು ಕಾಫಿ ಕುಡಿದು ವಾಪಸ್. ವಾರಕ್ಕೆ ಅಷ್ಟು ಸಾಕು.

"ಇಷ್ಟು ಕಷ್ಟ ಯಾಕೆ, ಹೊಸ ಕಾರು ಇಎಂಐಗೆ ತಗೊಳ್ಳಿ" ಅಂತ ಚಿಕ್ಕಪ್ಪ ಹೇಳ್ತಾರೆ. ಅವರ ಮಾತಲ್ಲಿ ಅರ್ಧ ಸತ್ಯ ಇದೆ. ನಮ್ಮ ಕಾರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹೊಸ ಕಾರಿನಷ್ಟು ಶುದ್ಧವಾದ ಹೊಗೆಯೂ ಅಲ್ಲ. ಇದನ್ನ ಮುಚ್ಚಿಟ್ಟು ಹಳೇದೇ ಚಿನ್ನ ಅನ್ನೋದು ಸುಳ್ಳು. ಅದಕ್ಕೇ ಹೇಳೋದು, ಇಂಥ ಕಾರನ್ನ ಇಟ್ಕೊಳ್ಳೋ ಹಕ್ಕು ಅದನ್ನ ಸರಿಯಾಗಿ ಇಟ್ಕೊಳ್ಳೋರಿಗೆ ಮಾತ್ರ. ಬ್ರೇಕ್ ಹಿಡೀದ, ಹೊಗೆ ಕಕ್ಕೋ ಕಾರು ರೋಡಿಗೆ ಬಂದ್ರೆ ಅದು ಪ್ರೀತಿಯಲ್ಲ, ಬೇರೆಯವರ ಜೀವದ ಮೇಲೆ ನಮ್ಮ ಶೋಕಿ.

ಕೊನೇ ಫೋಟೊದಲ್ಲಿರೋದು ನನ್ನ 200 ಪೇಜಿನ ನೋಟ್‌ಬುಕ್. ಖಾಸಗಿ ಕಾರಿನ ಆರ್‌ಸಿ 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಣ ಮಾಡಿಸ್ಬೇಕು. ನಮ್ಮದಕ್ಕೆ 2027ರ ಮಾರ್ಚಿಗೆ 25 ವರ್ಷ. 20 ವರ್ಷ ದಾಟಿದ ಕಾರಿಗೆ ನವೀಕರಣದ ಶುಲ್ಕ 2025ರಲ್ಲಿ 10,000 ರೂಪಾಯಿಗೆ ಏರಿದೆ. ಅಪ್ಪ ಹೇಳಿರೋದು ಇಷ್ಟು: "ಮಾರ್ಚಿಗೆ ಆ ಪುಸ್ತಕ ತಂದು ತೋರಿಸು. ನೋಡ್ಕೊಂಡಿದೀಯ ಅನ್ಸಿದ್ರೆ ದುಡ್ಡು ಕಟ್ಟೋಣ. ಇಲ್ಲ ಅಂದ್ರೆ ಅಮ್ಮ ಹೇಳಿದ್ದೇ ಸರಿ."

ಪ್ರತಿ ತಿಂಗಳು 1ನೇ ತಾರೀಕು ಟ್ಯೂಷನ್ ದುಡ್ಡಲ್ಲಿ 1,500 ತೆಗೆದಿಡ್ತಿದೀನಿ. ಹೋಸ್ ಎಲ್ಲ ಹೊಸದು. ಬ್ರೇಕ್ ಆಯಿಲ್ ಬದಲಾಯ್ತು. ಟೈಮಿಂಗ್ ಬೆಲ್ಟ್ ದಸರಾ ರಜೆಗೆ. ಇದ್ಯಾವುದೂ ಫೋಟೊದಲ್ಲಿ ಚೆನ್ನಾಗಿ ಬರಲ್ಲ, ಗೊತ್ತು.

ಹೋದ ಭಾನುವಾರ ನಾನು ಬಾನೆಟ್ ಮುಚ್ಚುವಾಗ ಅಮ್ಮ ಬಾಗಿಲಲ್ಲಿ ನಿಂತು "ನೀರು ನೋಡ್ದಾ?" ಅಂದ್ರು. ನೋಡ್ದೆ ಅಂದೆ. ಚೀಲ ತಗೊಂಡು ಬಂದು ಮುಂದಿನ ಸೀಟಲ್ಲಿ ಕೂತ್ರು. ಸಂತೆವರೆಗೆ ಮಾತ್ರ ಅಂತೆ. ಅದನ್ನೂ ಪುಸ್ತಕದಲ್ಲಿ ಬರೆದೆ.

ನಿಮಗೆ ಒಂದು ಹೋಂವರ್ಕ್: ಇವತ್ತು ಮನೆಗೆ ಹೋಗಿ ನಿಮ್ಮಪ್ಪನ ಗಾಡಿ ಟೈರ್ ಮೇಲಿನ ನಾಲ್ಕು ಅಂಕಿ ಓದಿ, ಕಮೆಂಟಲ್ಲಿ ಹಾಕಿ. ಸ್ಕೂಟರ್ ಆದ್ರೂ ಸರಿ. ಯಾರದು ತುಂಬಾ ಹಳೇದೋ ನೋಡೋಣ. ನಗೋಕಲ್ಲ, ಬದಲಾಯಿಸೋಕೆ.

ಭಾಗ 8: ಬ್ರೇಕ್ ಪ್ಯಾಡ್ ಮತ್ತು ಘಾಟಿ ಇಳಿಯೋ ಗೇರು.

#ಹಳೇಗಾಡಿಲೆಕ್ಕ #ವಿಟೆಕ್ #ಹಾಸನ #ಬಿಕಾಂಹುಡುಗಿ #ಭಾನುವಾರದಹತ್ತುನಿಮಿಷ