ಹೊಳೆದಂಡೆಯ ಬುತ್ತಿಯೋ, ಪೇಟೆಯ ಮುದ್ದೆಯೋ

ಮದ್ದೂರಿನಿಂದ ವೈದ್ಯನಾಥಪುರದ ಹಾದಿ ಹಿಡಿಯುವವರಲ್ಲಿ ಎರಡು ಪಂಗಡ. ಒಂದು ಪಂಗಡ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬರುತ್ತದೆ. ವೈದ್ಯನಾಥೇಶ್ವರನಿಗೆ ಕೈಮುಗಿದು, ಶಿಂಷಾ ಹೊಳೆಯ ದಂಡೆಯಲ್ಲಿ ನೆರಳು ನೋಡಿ ಎಲೆ ಹಾಕುತ್ತದೆ. ಇನ್ನೊಂದು ಪಂಗಡ ಮಂಗಳಾರತಿ ಮುಗಿಯುತ್ತಿದ್ದಂತೆ ಗಾಡಿ ತಿರುಗಿಸಿ ಮದ್ದೂರು ಪೇಟೆಯ ಹೋಟೆಲಿಗೆ ಹೊರಡುತ್ತದೆ. ಊರು ಪೇಟೆಗೆ ಕೂಗಳತೆಯಷ್ಟು ಹತ್ತಿರವಾದ್ದರಿಂದ ಎರಡಕ್ಕೂ ಅಡ್ಡಿಯಿಲ್ಲ. ಹಾಗಾಗಿಯೇ ವಾದ. ಎಷ್ಟೋ ಸಲ ಒಂದೇ ಕಾರಿನ ಮುಂದಿನ ಸೀಟು ಒಂದು ಪಕ್ಷ, ಹಿಂದಿನ ಸೀಟು ಇನ್ನೊಂದು ಪಕ್ಷ.

ನೀರಿನ ಪಕ್ಕ ಕೂತು ಉಣ್ಣಬೇಕೆಂಬ ಆಸೆ ನಮ್ಮೊಬ್ಬರದಲ್ಲ. ವೆಸ್ಟ್ ಇಂಡೀಸಿನ ದ್ವೀಪಗಳಿಗೆ ಹೋದ ಪ್ರವಾಸಿಯೂ ಮಧ್ಯಾಹ್ನ ಆಗುತ್ತಿದ್ದಂತೆ ಇದನ್ನೇ ಕೇಳಿಕೊಳ್ಳುತ್ತಾನೆ: ಕಡಲತಡಿಯ ಗೂಡಂಗಡಿಯ ಮೀನೋ, ಹೋಟೆಲಿನ ಮೇಜೋ? ಅಲ್ಲಿ ಕಡಲು, ಇಲ್ಲಿ ಹೊಳೆ. ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ.

ಮೊದಲು ಬುತ್ತಿ ಪಕ್ಷದ ವಾದ ಕೇಳೋಣ. ‘ಹೊಳೆ ದಂಡೇಲಿ ಉಂಡ್ರೆ ಎರಡು ತುತ್ತು ಜಾಸ್ತಿ ಹೋಯ್ತದೆ’ ಎಂದು ಈ ಸೀಮೆಯ ಹಿರಿಯರು ಹೇಳುವುದುಂಟು. ಪೂಜೆ ಮುಗಿಯುವ ತನಕ ಬರಿಹೊಟ್ಟೆಯಲ್ಲಿದ್ದವರಿಗೆ ತಣ್ಣಗಿನ ಹುಳಿಯನ್ನವೂ ಹಬ್ಬದೂಟವೇ. ಆದರೆ ಬುತ್ತಿಯ ಬಲ ಹಸಿವಿನಲ್ಲಿ ಮಾತ್ರವಿಲ್ಲ. ಅದರ ಹಿಂದೆ ತಲೆಮಾರುಗಳ ಕೈಚಳಕವಿದೆ. ಹುಣಿಸೆಯ ಹುಳಿ, ಎಣ್ಣೆ, ಉಪ್ಪು ಸರಿಯಾಗಿ ಬಿದ್ದ ಗೊಜ್ಜು ಅನ್ನವನ್ನು ಬೇಗ ಹಳಸಲು ಬಿಡುವುದಿಲ್ಲ. ಮೊಸರನ್ನ ಕಟ್ಟುವವರು ಬೆಳಿಗ್ಗೆ ಅನ್ನಕ್ಕೆ ಹೆಚ್ಚು ಹಾಲು, ಚೂರೇ ಚೂರು ಮೊಸರು ಬೆರೆಸುತ್ತಾರೆ. ದಾರಿಯಲ್ಲೇ ಹೆಪ್ಪುಗೂಡಿ, ಎಲೆಗೆ ಬೀಳುವ ಹೊತ್ತಿಗೆ ಹುಳಿ ಹದಕ್ಕೆ ಬಂದಿರುತ್ತದೆ. ಅಕ್ಕಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ ಸಂಜೆಯವರೆಗೂ ಕೆಡುವುದಿಲ್ಲ. ಇವೆಲ್ಲ ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗುತ್ತಿದ್ದ ಕಾಲದಿಂದ ಪಳಗಿ ಬಂದ ಅಡುಗೆಗಳು. ಹೋಟೆಲಿನವರು ಇವನ್ನು ಮಾಡಬಲ್ಲರು. ಆದರೆ ದಾರಿಯಲ್ಲಿ ಹದವಾಗುವ ಆ ಐದಾರು ತಾಸನ್ನು ಅವರು ಎಲ್ಲಿಂದ ತರಬೇಕು?

ಎರಡನೆಯದು ಪುರುಸೊತ್ತು. ದಂಡೆಯಲ್ಲಿ ನಿಮ್ಮ ಕುರ್ಚಿಯ ಬೆನ್ನಿಗೆ ಕೈಯಿಟ್ಟು ಯಾರೂ ಕಾಯುತ್ತಿರುವುದಿಲ್ಲ. ಉಂಡ ಮೇಲೆ ಎಲೆಯಡಿಕೆ ಹಾಕಿಕೊಂಡು ಅರ್ಧ ತಾಸು ಅಡ್ಡಾಗಬಹುದು. ಅತ್ತಿಗೆ, ಮೈದುನ, ಬೀಗರು, ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ನಾಲ್ಕು ಜನರ ಮೇಜುಗಳ ಹೋಟೆಲಿನಲ್ಲಿ ಆಗದ ಮಾತು. ಹತ್ತು ಜನರ ಕುಟುಂಬಕ್ಕೆ ಹೋಟೆಲ್ ಬಿಲ್ಲು ಎಷ್ಟಾದೀತೆಂದು ಬೆರಳು ಮಡಚಿ ನೋಡಿದವರಿಗೆ ಮೂರನೆಯ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಕೇಳಿದರೆ ಬುತ್ತಿಯೇ ಗೆದ್ದಂತೆ ಕಾಣುತ್ತದೆ. ಆದರೆ ಬುತ್ತಿಯ ಪರ ವಾದ ಮಾಡುವವರು ಸಾಮಾನ್ಯವಾಗಿ ಬುತ್ತಿ ಕಟ್ಟುವವರಲ್ಲ. ಭಾನುವಾರ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚುವ ಹೆಂಗಸಿಗೆ ಆ ದಿನ ರಜೆಯಲ್ಲ. ದೇವಸ್ಥಾನದಲ್ಲಿ ಅವಳ ಗಮನ ಅರ್ಧ ದೇವರ ಮೇಲೆ, ಅರ್ಧ ಡಿಕ್ಕಿಯಲ್ಲಿಟ್ಟ ಪಾತ್ರೆಯ ಮುಚ್ಚಳದ ಮೇಲೆ. ಮನೆಗೆ ಹೋದ ಮೇಲೆ ಜಿಡ್ಡು ಹತ್ತಿದ ಆ ಪಾತ್ರೆಗಳು ಅವಳಿಗೇ ಕಾದಿರುತ್ತವೆ. ದುಡ್ಡು ಉಳಿಯಿತು ಎನ್ನುವ ಲೆಕ್ಕದಲ್ಲಿ ಈ ಕೂಲಿ ಸೇರಿರುವುದಿಲ್ಲ.

ಆರೋಗ್ಯದ ಮಾತೂ ಇದೆ. ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಇಡಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನ್ನದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿತಕ್ಕೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಅವು ಮತ್ತೆ ಚಿಗುರುತ್ತವೆ. ಬೆಂಗಳೂರಿನಿಂದ 80 ಕಿ.ಮೀ. ದಾಟಿ ಬರುವ ಕುಟುಂಬ ಆರಕ್ಕೆ ಕಟ್ಟಿದ ಬುತ್ತಿಯನ್ನು ಒಂದು ಗಂಟೆಗೆ ಬಿಚ್ಚಿದರೆ ನಡುವೆ ಏಳು ತಾಸು. ಹುಳಿಯನ್ನಕ್ಕೆ ಹುಣಿಸೆಯ ಕಾವಲಿದೆ. ತರಕಾರಿ ಪಲಾವಿಗೆ, ಕಾಯಿ ಹಾಕಿದ ಚಿತ್ರಾನ್ನಕ್ಕೆ ಅದಿಲ್ಲ. ಹಳೆಯ ಬುತ್ತಿಯ ಹೆಸರು ಹೇಳಿಕೊಂಡು ಹೊಸ ಅಡುಗೆ ಕಟ್ಟುವವರು ಎಡವುವುದು ಇಲ್ಲಿಯೇ.

ಇನ್ನು ಹೊಳೆ. ಶಿಂಷಾ ಹುಟ್ಟುವುದು ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಸೀಮೆಯಲ್ಲಿ. ಮಾರ್ಕೋನಹಳ್ಳಿ ಜಲಾಶಯ ತುಂಬಿಸಿ, ಮದ್ದೂರು ದಾಟಿ, ಮಳವಳ್ಳಿ ತಾಲ್ಲೂಕಿನಲ್ಲಿ ಧುಮ್ಮಿಕ್ಕಿ ಕಾವೇರಿ ಸೇರುತ್ತದೆ. ಉದ್ದ 221 ಕಿ.ಮೀ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿಪಾತ್ರಗಳಲ್ಲಿ ಶಿಂಷಾ ಕೂಡ ಒಂದು: ಯಡಿಯೂರಿನಿಂದ ಹಲಗೂರಿನವರೆಗೆ. ಮದ್ದೂರೂ ವೈದ್ಯನಾಥಪುರವೂ ಆ ನಡುವಿನಲ್ಲೇ ಇವೆ. ಪೇಟೆಗಳ ಚರಂಡಿ ನೀರು ಸೇರುವ ಹೊಳೆಯಲ್ಲಿ ಕೈ ತೊಳೆದು ಉಣ್ಣುವುದು, ಅದರಲ್ಲೇ ಲೋಟ ತೊಳೆದು ಮಗುವಿಗೆ ನೀರು ಕೊಡುವುದು ನಮ್ಮ ಅಜ್ಜಿಯರ ಕಾಲಕ್ಕೆ ಸರಿ. ಈಗ ಸರಿಯಲ್ಲ. ಚರ್ಮದ ಕಾಯಿಲೆ ವಾಸಿಯಾಗಲೆಂದು ಜನ ಹರಕೆ ಹೊತ್ತು ಬರುವ ದೇವರ ಸನ್ನಿಧಿಯಲ್ಲೇ ಹೊಳೆಗೆ ಈ ಗತಿ.

ಆ ಗತಿಗೆ ಬುತ್ತಿಯವರ ಪಾಲೂ ಇದೆ. ಮುತ್ತುಗದೆಲೆ, ಬಾಳೆಲೆ ಮಣ್ಣಾಗುತ್ತಿದ್ದವು. ಈಗ ದಂಡೆಯಲ್ಲಿ ಬೀಳುವುದು ಬೆಳ್ಳಿಬಣ್ಣದ ಹೊದಿಕೆಯ ಪೇಪರ್ ತಟ್ಟೆ, ತೆಳು ಲೋಟ, ನೀರಿನ ಬಾಟಲಿ. 2016ರಲ್ಲಿ ರಾಜ್ಯ ಸರ್ಕಾರ, 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಹಲವು ಸಾಮಾನುಗಳನ್ನು ನಿಷೇಧಿಸಿವೆ. ಆದರೆ ಹೊಳೆದಂಡೆಗೆ ಕಾವಲುಗಾರ ಯಾರು? ಮದ್ದೂರು ತಾಲ್ಲೂಕಿನದೇ ಆದ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಆ ಹಕ್ಕಿಗಳು ಮೀನು ಹುಡುಕುವುದು ಈ ಹೊಳೆ, ಈ ಕೆರೆಗಳಲ್ಲೇ. ದಂಡೆಯಲ್ಲಿ ಉಣ್ಣುವ ಬಾಯಿಗಳು ನಮ್ಮವಷ್ಟೇ ಅಲ್ಲ.

ಇನ್ನು ಹೋಟೆಲ್ ಪಕ್ಷ. ಇವರ ದೊಡ್ಡ ವಾದ ಮುದ್ದೆ. ಮಂಡ್ಯ ಸೀಮೆಯ ಅಸಲಿ ಮಧ್ಯಾಹ್ನದೂಟ ಎಂದರೆ ಬಿಸಿ ರಾಗಿಮುದ್ದೆ, ಅದಕ್ಕೆ ಉಪ್ಪೆಸರು, ಬಸ್ಸಾರು, ಇಲ್ಲವೇ ನಾಟಿಕೋಳಿ ಸಾರು. ಹೊಲದಲ್ಲಿ ಗೇಯುವವರಿಗೆ ಕುಕ್ಕೆಯಲ್ಲಿ ಹೊತ್ತೊಯ್ಯುವಷ್ಟು ದೂರಕ್ಕೆ ಮುದ್ದೆ ಸೈ. ಎರಡು ತಾಸಿನ ಪ್ರಯಾಣಕ್ಕೆ ಅದು ಆರಿ ಗಟ್ಟಿಯಾಗುತ್ತದೆ, ಬೆರಳಿಗೂ ಹದವಾಗಿ ಸಿಗುವುದಿಲ್ಲ, ಗಂಟಲಲ್ಲೂ ಜಾರುವುದಿಲ್ಲ. ಹೀಗಾಗಿ ಊರಿನ ಊಟ ಬೇಕೆಂದು ಬೆಂಗಳೂರಿನಿಂದ ಬಂದವರು ಬುತ್ತಿ ಬಿಚ್ಚಿದರೆ ಸಿಗುವುದು ತಮ್ಮ ಅಡುಗೆಮನೆಯ ಊಟವೇ. ಮುದ್ದೆ ಬೇಕಾದರೆ ಒಲೆಯ ಹತ್ತಿರಕ್ಕೆ, ಅಂದರೆ ಪೇಟೆಯ ಮುದ್ದೆ ಹೋಟೆಲಿಗೋ ಮಿಲಿಟರಿ ಹೋಟೆಲಿಗೋ ಹೋಗಬೇಕು.

ಬಾಡಿನ ಪ್ರಶ್ನೆಯೂ ಇಲ್ಲಿಯೇ ತೀರುತ್ತದೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲು, ಮಳಿಗೆಗಳಲ್ಲಿ ಮಾಂಸಾಹಾರಕ್ಕೆ ಅವಕಾಶವಿಲ್ಲವೆಂಬ ಸೂಚನೆ ಹೊರಬಿದ್ದು, ‘ಬಾಡೂಟ ಬೇಕು’ ಎಂಬ ಕೂಗು ಎದ್ದದ್ದನ್ನು ಯಾರೂ ಮರೆತಿಲ್ಲ. ಊಟದ ವಿಷಯದಲ್ಲಿ ಈ ಜಿಲ್ಲೆಗೆ ತನ್ನದೇ ಅಭಿಮಾನವಿದೆ. ಹಾಗೆಂದು ಶಿವನ ಗುಡಿಯ ಮಗ್ಗುಲಲ್ಲಿ ಬಾಡು ಬಡಿಸಿದರೆ ನೋಯುವವರಿದ್ದಾರೆ. ಪೇಟೆಗೆ ಹೋಗಿ ಉಂಡರೆ ಯಾರ ಮನಸ್ಸಿಗೂ ಘಾಸಿಯಿಲ್ಲ, ಯಾರ ನಾಲಗೆಗೂ ಕಟ್ಟಿಲ್ಲ.

ಮದ್ದೂರಿಗೆ ಹೋಟೆಲಿನ ನಂಟು ಹೊಸದೂ ಅಲ್ಲ. ಊರಿನ ಹೆಸರು ಹೊತ್ತ ವಡೆ ಹುಟ್ಟಿದ್ದು ರೈಲು ನಿಲ್ದಾಣದಲ್ಲಿ. ಕುಂದಾಪುರದ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಅವರು 1917ರ ಸುಮಾರಿಗೆ, ರೈಲಿನ ಅವಸರಕ್ಕೆ ತಕ್ಕಂತೆ ಹಿಟ್ಟನ್ನು ತೆಳ್ಳಗೆ ತಟ್ಟಿ ಕರಿದುಕೊಟ್ಟರೆಂಬುದು ಎಲ್ಲರೂ ಹೇಳುವ ಕತೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿಯ ಆ ವಡೆ ಆರಿದ ಮೇಲೂ ಗರಿಗರಿ ಬಿಡುವುದಿಲ್ಲ. ಪೇಟೆಯಲ್ಲಿ ಹುಟ್ಟಿದರೂ ಬುತ್ತಿಯ ಗುಣವುಳ್ಳ ತಿಂಡಿ ಅದು. ಎರಡೂ ಪಕ್ಷದವರು ಜಗಳವಿಲ್ಲದೆ ಕಟ್ಟಿಸಿಕೊಳ್ಳುವುದು ಅದನ್ನೇ.

ಅನುಕೂಲದ ಮಾತೂ ಇದೆ. ಮಂಡಿನೋವಿನ ಅಜ್ಜಿ ನೆಲದ ಮೇಲೆ ಕೂರಲಾರರು, ಕೂತರೆ ಏಳಲಾರರು. ಹೆಂಗಸರಿಗೆ, ಮಕ್ಕಳಿಗೆ ಶೌಚಾಲಯ ಬೇಕು. ಕುರ್ಚಿ, ನಲ್ಲಿ, ಬಾಗಿಲಿಗೆ ಚಿಲಕ — ಈ ಮೂರೂ ಹೋಟೆಲ್ ಬಿಲ್ಲಿನೊಳಗೆ ಸೇರಿವೆ. ಜೊತೆಗೆ ಅಡುಗೆಯವನ, ಬಡಿಸುವವನ, ಎಲೆ ಎತ್ತುವವನ ಕೂಲಿಯೂ ಸೇರಿದೆ. 2023ರ ಮಾರ್ಚ್ 12ರಂದು ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಆಮೇಲೆ ಕಾರುಗಳು ಮದ್ದೂರನ್ನು ಮೇಲ್ಸೇತುವೆಯಲ್ಲೇ ದಾಟಿ ಹೋಗತೊಡಗಿ, ಹಳೆಯ ರಸ್ತೆಯ ಹೋಟೆಲುಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಂತು, ಅವು ಸರ್ವೀಸ್ ರಸ್ತೆಗೆ ಇಳಿದವು. ದೇವರ ದರ್ಶನಕ್ಕೆಂದು ಹೆದ್ದಾರಿಯಿಂದ ಕೆಳಗಿಳಿದು ಬಂದ ಕುಟುಂಬವೊಂದು ಪೇಟೆಯಲ್ಲಿ ಉಂಡರೆ ಆ ದುಡ್ಡಿಗೆ ಈಗ ತೂಕ ಹೆಚ್ಚು.

ಹೋಟೆಲಿಗೂ ಕುಂದುಗಳಿವೆ. ಭಾನುವಾರ ಮಧ್ಯಾಹ್ನದ ನೂಕುನುಗ್ಗಲಲ್ಲಿ ಜಾಗಕ್ಕೆ ಕಾಯಬೇಕು, ಜಾಗ ಸಿಕ್ಕ ಮೇಲೆ ಗಬಗಬನೆ ಉಂಡು ಏಳಬೇಕು. ಎಣ್ಣೆ ಎಷ್ಟು ಸಲ ಕಾದದ್ದು, ಸಾರಿಗೆ ಸೋಡಾ ಬಿದ್ದಿದೆಯೇ ಎಂಬುದು ಒಲೆಯ ಮುಂದಿರುವವನಿಗೇ ಗೊತ್ತು. ಹೊಳೆ ನೋಡಲೆಂದು ಬಂದು ಹೊಳೆಯನ್ನು ಬಿಟ್ಟು ಓಡುವುದೂ ಒಂದು ನಷ್ಟವೇ. ಕೊಟ್ಟ ದುಡ್ಡು ಮದ್ದೂರಿಗೆ ಸೇರುತ್ತದೆ. ಕಾರು ನಿಲ್ಲಿಸಿದ, ಧೂಳೆಬ್ಬಿಸಿದ ವೈದ್ಯನಾಥಪುರಕ್ಕೆ ಹೂವು, ಹಣ್ಣುಕಾಯಿಯ ಕಾಸಷ್ಟೇ ಉಳಿಯುತ್ತದೆ. ಬುತ್ತಿಯವರ ವಿಷಯದಲ್ಲೂ ಈ ಮಾತು ನಿಜ.

ಮೂರನೆಯ ದಾರಿಯೊಂದಿದೆ: ದಂಡೆಯಲ್ಲೇ ಕಲ್ಲು ಹೂಡಿ ಬೇಯಿಸುವುದು. ಇದಕ್ಕೆ ಹೆಸರಾದದ್ದು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ. ಕಾವೇರಿ ದಂಡೆಯಲ್ಲಿ ಸಾರು ಕುದಿಸಿ, ಮುದ್ದೆ ತೊಳಸಿ, ಬಿಸಿಬಿಸಿ ಉಣ್ಣುವ ಸುಖ ದೊಡ್ಡದು. ಬುತ್ತಿಗೂ ಹೋಟೆಲಿಗೂ ಆಗದ್ದು ಅಲ್ಲಿ ಆಗುತ್ತದೆ: ಮುದ್ದೆ ಮತ್ತು ಹೊಳೆ ಒಟ್ಟಿಗೆ ಸಿಗುತ್ತವೆ. ಅದರ ಬೆಲೆಯೂ ದೊಡ್ಡದು. ಅದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಸೀಮೆ. ಕಿಡಿ ಹಾರಿದರೆ ಕಾಡು, ಉಳಿದದ್ದನ್ನು ಎಸೆದರೆ ಕಾಡುಪ್ರಾಣಿ, ಉಂಡ ಮೈಯಲ್ಲಿ ನೀರಿಗಿಳಿದರೆ ಸುಳಿ. ಈಜಲು ಹೋಗಿ ಜೀವ ಕಳೆದುಕೊಂಡವರ ಸುದ್ದಿ ಅಲ್ಲಿಂದ ಮತ್ತೆ ಮತ್ತೆ ಬರುತ್ತದೆ. ಗುಡಿಯೂ ಊರೂ ಮಗ್ಗುಲಲ್ಲೇ ಇರುವ ವೈದ್ಯನಾಥಪುರದ ದಂಡೆಗೆ ಈ ಪದ್ಧತಿ ಬೇಡವೆನ್ನಲು ಇಷ್ಟು ಸಾಕು.

ವೆಸ್ಟ್ ಇಂಡೀಸಿನ ಆ ಕಡಲ ದ್ವೀಪಗಳಿಂದ ಕಲಿಯುವುದೊಂದಿದೆ. ಬಾರ್ಬಡೋಸಿನ ಆಯ್ಸ್ಟಿನ್ಸ್ ಎಂಬ ಬೆಸ್ತರ ಊರಿನಲ್ಲಿ ಮೀನು ಮಾರುಕಟ್ಟೆಯ ಪಕ್ಕದಲ್ಲೇ ಊರವರ ಗೂಡಂಗಡಿಗಳಿವೆ. ದೇಶವಿದೇಶದವರು ಅಲ್ಲಿ ಸಾಲು ನಿಲ್ಲುತ್ತಾರೆ, ದುಡ್ಡು ಮೀನು ಹುರಿದವರ ಕೈಗೆ ನೇರ ಸೇರುತ್ತದೆ. ಊಟ, ವಸತಿ ಎಲ್ಲವನ್ನೂ ಗೋಡೆಯೊಳಗೇ ಮುಗಿಸುವ ದೊಡ್ಡ ರೆಸಾರ್ಟಿನ ಅತಿಥಿಯಿಂದ ಹೊರಗಿನ ಬೆಸ್ತನಿಗೆ ಸಿಗುವುದು ಅತ್ಯಲ್ಪ. ನಮ್ಮಲ್ಲೂ ಸಂಜೀವಿನಿ ಯೋಜನೆಯ ಸ್ವಸಹಾಯ ಸಂಘಗಳ ಹೆಂಗಸರು ‘ಅಕ್ಕ ಕೆಫೆ’ಗಳನ್ನು ನಡೆಸುತ್ತಿದ್ದಾರೆ. ದರ್ಶನಕ್ಕೆ ಜನ ಸೇರುವ ದಿನಗಳಲ್ಲಾದರೂ ಊರಿನ ಹೆಂಗಸರೇ ನಡೆಸುವ ಬಿಸಿ ಮುದ್ದೆ, ಸೊಪ್ಪಿನ ಸಾರಿನ ಊಟ ವೈದ್ಯನಾಥಪುರದಲ್ಲೇ ಸಿಗುವಂತಾದರೆ ಈ ವಾದದ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಅಲ್ಲಿಯವರೆಗೆ ನನ್ನ ತೀರ್ಪು ಇಷ್ಟು. ಜೊತೆಯಲ್ಲಿ ಹಿರಿಯರು, ಹಸುಗೂಸುಗಳಿದ್ದರೆ, ಬಿಸಿಲು ಸುಡುತ್ತಿದ್ದರೆ, ಮಳೆಗಾಲದಲ್ಲಿ ಹೊಳೆ ಏರಿದ್ದರೆ ಮದ್ದೂರಿಗೆ ಹೋಗಿ ಉಣ್ಣಿ. ಹೊಳೆಯನ್ನು ಊಟಕ್ಕೆ ಮೊದಲೇ ನೋಡಿ ಮುಗಿಸಿ. ಚಳಿಗಾಲದ ದಿನ, ಗಟ್ಟಿಮುಟ್ಟಾದ ನಾಲ್ಕಾರು ಜನ, ಬುತ್ತಿ ಕಟ್ಟುವ ಕೆಲಸದಲ್ಲಿ ಗಂಡಸರದ್ದೂ ಪಾಲು — ಹೀಗಿದ್ದರೆ ದಂಡೆಯೇ ಮೇಲು. ಆಗ ಕಟ್ಟಬೇಕಾದ್ದು ಹುಳಿಯನ್ನ, ಮೊಸರನ್ನ, ರೊಟ್ಟಿ. ಕುಡಿಯಲೂ ಕೈ ತೊಳೆಯಲೂ ಮನೆಯ ನೀರೇ ಇರಲಿ.

ಉಳಿದದ್ದು ಎಂಜಲೆಲೆಯ ಪ್ರಶ್ನೆ. ಹೋಟೆಲಿನಲ್ಲಿ ಅದನ್ನು ಎತ್ತುವವನಿಗೆ ಬಿಲ್ಲಿನಲ್ಲಿ ಕೂಲಿ ಕೊಟ್ಟಿರುತ್ತೇವೆ. ದಂಡೆಯಲ್ಲಿ ಎತ್ತಬೇಕಾದವರು ಉಂಡವರೇ. ಎಲೆ, ಬಾಟಲಿ, ಬಾಚಿದ ಅನ್ನದ ಸಮೇತ ಚೀಲಕ್ಕೆ ತುಂಬಿ ಮನೆಗೆ ಒಯ್ಯಲು ಒಪ್ಪುವವರು ದಂಡೆಯಲ್ಲಿ ಎಲೆ ಹಾಕಲಿ. ಅಷ್ಟು ತಾಳ್ಮೆಯಿಲ್ಲದವರು ಪೇಟೆಯಲ್ಲೇ ಉಂಡು, ಬಿಲ್ಲು ಕೊಟ್ಟು ಬರಲಿ. ಅದೇ ಅವರು ಹೊಳೆಗೆ ಮಾಡುವ ಉಪಕಾರ.