ಮನಸ್ಸು ನಿಲ್ಲದ ಪ್ರಾರ್ಥನೆ

ಮನೆಗಳ ಆಶೀರ್ವಾದಕ್ಕೆಂದು ಹೋದಾಗ ನಾವು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಸಂಜೆಯ ಜಪಸರ ನಡೆಯುತ್ತಿದೆಯೇ? 'ಮೊದಲು ನಡೆಯುತ್ತಿತ್ತು ಸ್ವಾಮಿ, ಈಗ ಮನಸ್ಸು ನಿಲ್ಲುವುದಿಲ್ಲ. ಮನಸ್ಸಿಲ್ಲದೆ ಬಾಯಿಪಾಠ ಒಪ್ಪಿಸಿದರೆ ದೇವರಿಗೆ ಅವಮಾನವಲ್ಲವೇ?' ಎಂಬ ಉತ್ತರ ಹಲವು ಮನೆಗಳಲ್ಲಿ ದೊರೆಯುತ್ತದೆ. ಕೇಳುವುದಕ್ಕೆ ಇದು ವಿನಯದ ಮಾತು. ಆದರೆ ಈ ವಿನಯವನ್ನು ಕೊಂಚ ಪರೀಕ್ಷಿಸಬೇಕಾಗಿದೆ.

1535ರಲ್ಲಿ ಸ್ಪೇನ್ ದೇಶದ ಅವಿಲಾದಲ್ಲಿ ಕಾರ್ಮೆಲ್ ಮಠವನ್ನು ಸೇರಿದ ಸಂತ ತೆರೇಸಾ, ತಾವು ಅಯೋಗ್ಯರೆಂದು ಬಗೆದು ಒಂದು ವರ್ಷಕ್ಕೂ ಮಿಕ್ಕಿ ಧ್ಯಾನಪ್ರಾರ್ಥನೆಯನ್ನು ತೊರೆದಿದ್ದರು. ಅದು ವಿನಯದ ವೇಷ ತೊಟ್ಟ ಶೋಧನೆಯೆಂದು ಮುಂದೆ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡರು. ಪ್ರಾರ್ಥನೆಗೆ ಮರಳಿದ ಮೇಲೂ ವರ್ಷಗಟ್ಟಲೆ ಶುಷ್ಕತೆ. ಗೊತ್ತುಮಾಡಿದ ತಾಸು ಯಾವಾಗ ಮುಗಿದೀತೆಂದು ಗಡಿಯಾರದ ಗಂಟೆಗೆ ಕಿವಿಗೊಟ್ಟು ಕುಳಿತದ್ದೂ ಉಂಟು. ಆದರೂ ಪ್ರಾರ್ಥನೆಯನ್ನು ಅವರು ಮತ್ತೆ ಬಿಡಲಿಲ್ಲ. 1554ರ ಸುಮಾರಿಗೆ, ಗಾಯಗೊಂಡ ಕ್ರಿಸ್ತರ ಪ್ರತಿಮೆಯೊಂದರ ಮುಂದೆ ಅವರ ಹೃದಯ ಕರಗಿತು. 1970ರಲ್ಲಿ ಜಗದ್ಗುರು ಆರನೇ ಪೌಲರು ಧರ್ಮಸಭೆಯ ಪಂಡಿತರೆಂದು ಸಾರಿದ ಪ್ರಥಮ ಮಹಿಳೆ ಇವರೇ.

ಪೂರ್ಣಹೃದಯದಿಂದ ದೇವರನ್ನು ಅರಸುವುದೆಂದರೇನು? ನಾವು ಹೃದಯವೆಂದರೆ ಭಾವನೆಯೆಂದು ತಿಳಿದಿದ್ದೇವೆ. ಭಾವನೆ ನಮ್ಮ ಅಧೀನದಲ್ಲಿಲ್ಲ. ಸಂಕಲ್ಪ ಮಾತ್ರ ಇದೆ. ಜ್ವರದ ಮಗುವಿನ ಬಳಿ ಇರುಳೆಲ್ಲ ತೂಕಡಿಸುತ್ತ ಕುಳಿತ ತಾಯಿಯ ಪ್ರೀತಿಯನ್ನು ಯಾರೂ ಕಪಟವೆನ್ನುವುದಿಲ್ಲ. ಬೇಸರವಿದ್ದೂ ಎದ್ದುಹೋಗದಿರುವುದೇ ಅಲ್ಲಿ ಪ್ರೀತಿಯ ಪ್ರಮಾಣ. ಪ್ರಾರ್ಥನೆಯಲ್ಲೂ ಹಾಗೆಯೇ.

ಕೇಳಿದ್ದು ದೊರೆಯಲಿಲ್ಲವೆಂದು ಜಪಸರವನ್ನು ಗೂಟಕ್ಕೆ ತೂಗುಹಾಕಿದವರೂ ಇದ್ದಾರೆ. ನಾವು ಪ್ರಾರ್ಥಿಸುವುದು ದೇವರ ಚಿತ್ತವನ್ನು ಬದಲಿಸಲಿಕ್ಕಲ್ಲ, ಪ್ರಾರ್ಥನೆಯ ಮೂಲಕವೇ ಕೊಡಬೇಕೆಂದು ಅವರು ಇಚ್ಛಿಸಿದ್ದನ್ನು ಪಡೆಯಲಿಕ್ಕೆ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸುತ್ತಾರೆ. ಸಂತ ಲೂಕರ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದ ವಿಧವೆಗೆ ವಾಕ್ಚಾತುರ್ಯವಿರಲಿಲ್ಲ, ಶಿಫಾರಸು ಇರಲಿಲ್ಲ. ಮತ್ತೆಮತ್ತೆ ಹೋಗುವ ಕಾಲುಗಳು ಮಾತ್ರ ಇದ್ದವು.

ಬಲಿಪೀಠದ ಬಳಿ ನಿಂತೂ ಮನಸ್ಸನ್ನು ಎಲ್ಲೋ ಅಲೆಯಬಿಟ್ಟವರು ನಾವು. ಉಪದೇಶಿಸುವ ಅರ್ಹತೆ ನಮಗೆ ಕಡಿಮೆ. ಆದರೂ ಒಂದು ಮಾತು ಹೇಳಲೇಬೇಕು. ಉತ್ಸಾಹವಿದ್ದ ದಿನ ಮಾತ್ರ ತಂದೆತಾಯಿಗಳು ಮೊಣಕಾಲೂರಿದರೆ, ಉತ್ಸಾಹ ಬತ್ತಿದಾಗ ದೇವರನ್ನೂ ಬಿಡಬಹುದೆಂಬ ಪಾಠವನ್ನು ಮಕ್ಕಳು ಕಲಿಯುತ್ತಾರೆ. ನಾಳೆ ಅವರಿಗೆ ಕಷ್ಟ ಬಂದಾಗ ಅವರು ಯಾರ ಮುಂದೆ ಮೊಣಕಾಲೂರಬೇಕು?

ಐದು ದಶಕ ಆಗದಿದ್ದರೆ, ಇಂದು ಸಂಜೆ ಒಂದೇ ದಶಕದಿಂದ ಆರಂಭಿಸೋಣ. ಮಕ್ಕಳು ಆಕಳಿಸಲಿ, ನಮ್ಮ ಮನಸ್ಸು ಹತ್ತೆಡೆ ಓಡಲಿ. ಮೊಣಕಾಲು ಮಾತ್ರ ದೇವರ ಸನ್ನಿಧಿಯನ್ನು ಬಿಟ್ಟು ಏಳದಿರಲಿ.